ಹರಿವಿಗೆ ಎದುರಾಗಿ ಬೆಳೆದ ಸಾಲ್ಮನ್: ಸಾಕಣೆ ತೊಟ್ಟಿಯ ಒಂದು ಪ್ರಕರಣ ಅಧ್ಯಯನ

ನಾರ್ವೆಯ ಸಾಲ್ಮನ್ ಸಾಕಣೆಯಲ್ಲಿ ಮರಿಗಳನ್ನು ನೆಲದ ಮೇಲಿನ ಸಿಹಿನೀರಿನ ತೊಟ್ಟಿಗಳಲ್ಲಿ ಬೆಳೆಸಿ, ಸುಮಾರು 100 ಗ್ರಾಂ ತೂಗುವ ಹೊತ್ತಿಗೆ ಸಮುದ್ರದ ಬಲೆಪಂಜರಗಳಿಗೆ ಬಿಡುವುದು ಬಹುಕಾಲದ ರೂಢಿ. ಸಮುದ್ರಕ್ಕೆ ಇಳಿದ ಮೇಲೆ ಮೀನಿಗೆ ಕಷ್ಟಗಳು ಶುರುವಾಗುತ್ತವೆ. ಮೈಗೆ ಅಂಟಿಕೊಂಡು ಬದುಕುವ ಸಮುದ್ರ ಹೇನೆಂಬ ಪರಾವಲಂಬಿ ಜೀವಿಯ ಕಾಟ ಒಂದೆಡೆಯಾದರೆ, ಹೇನು ಬಿಡಿಸಲು ಮೀನನ್ನು ಗುಂಪುಗೂಡಿಸಿ, ಪಂಪಿನಿಂದ ಎಳೆದು, ಬಿಸಿನೀರಿನಲ್ಲೋ ರಭಸದ ನೀರಿನಲ್ಲೋ ಹಾಯಿಸುವ ಚಿಕಿತ್ಸೆಗಳ ಪೆಟ್ಟು ಇನ್ನೊಂದೆಡೆ. ಇದನ್ನು ತಗ್ಗಿಸಲು ಈಚಿನ ವರ್ಷಗಳಲ್ಲಿ ಸಾಕಣೆದಾರರು ಮೀನನ್ನು ತೊಟ್ಟಿಯಲ್ಲೇ ಇನ್ನಷ್ಟು ತಿಂಗಳು ಇಟ್ಟುಕೊಂಡು, ಅರ್ಧ ಕಿಲೋದಷ್ಟು ತೂಕಕ್ಕೆ ತಂದು ಬಿಡುತ್ತಿದ್ದಾರೆ. ಸಮುದ್ರದಲ್ಲಿ ಕಳೆಯುವ ಕಾಲ ಕಡಿಮೆಯಾದಷ್ಟೂ ಅಪಾಯ ಕಡಿಮೆ ಎಂಬುದು ಲೆಕ್ಕಾಚಾರ.

ಈ ಲೆಕ್ಕಾಚಾರದಲ್ಲಿ ಒಂದು ಪ್ರಶ್ನೆ ಅಡಗಿದೆ. ಕಾಡಿನ ಸಾಲ್ಮನ್ ಅದೇ ವಯಸ್ಸಿನಲ್ಲಿ ಹೊಳೆಯಿಳಿದು ಸಾಗರದ ಕಡೆಗೆ ಎಡೆಬಿಡದೆ ಈಜುತ್ತಿರುತ್ತದೆ. ತೊಟ್ಟಿಯ ಮೀನು ಆ ತಿಂಗಳುಗಳನ್ನು ನಿಂತಂತಿರುವ ನೀರಿನಲ್ಲಿ ಕಳೆದರೆ ಅದರ ದೇಹ ಎಂಥದ್ದಾಗಿ ರೂಪುಗೊಳ್ಳುತ್ತದೆ? ಬೇರೊಂದು ರೀತಿಯಲ್ಲಿ ಕೇಳುವುದಾದರೆ, ತೊಟ್ಟಿಯ ನೀರು ಎಷ್ಟು ವೇಗವಾಗಿ ಹರಿಯಬೇಕು?

ಇದಕ್ಕೆ ಉತ್ತರ ಹುಡುಕಿದ ಒಂದು ಪ್ರಯೋಗವನ್ನು ಇಲ್ಲಿ ಪ್ರಕರಣವಾಗಿ ತೆಗೆದುಕೊಂಡಿದ್ದೇನೆ. ನಾರ್ವೆಯ ಆಹಾರ ಮತ್ತು ಮೀನು ಸಾಕಣೆ ಸಂಶೋಧನಾ ಸಂಸ್ಥೆ ನೋಫಿಮಾ, ನೀರನ್ನು ಶುದ್ಧೀಕರಿಸಿ ಮರುಬಳಸುವ ತೊಟ್ಟಿಗಳಲ್ಲಿ ನಡೆಸಿದ ಈ ಪ್ರಯೋಗದ ವರದಿ 2020ರಲ್ಲಿ ಪ್ರಕಟವಾಯಿತು. ಸುಮಾರು 70 ಗ್ರಾಂ ತೂಕದ ಅಟ್ಲಾಂಟಿಕ್ ಸಾಲ್ಮನ್‌ಗಳನ್ನು ಮೂರು ಬಗೆಯ ನೀರಿಗೆ ಹಂಚಲಾಯಿತು: ಲವಣಾಂಶ ಸಾವಿರಕ್ಕೆ 12, 22 ಮತ್ತು 32 ಭಾಗ. ಪ್ರತಿ ಬಗೆಯಲ್ಲೂ ಎರಡು ವೇಗಗಳು. ಒಂದರಲ್ಲಿ ಮೀನು ಸೆಕೆಂಡಿಗೆ ತನ್ನ ದೇಹದುದ್ದದಷ್ಟು, ಅಂದರೆ 1 ದೇಹದುದ್ದ ಈಜಬೇಕು. ಇನ್ನೊಂದರಲ್ಲಿ ಕೇವಲ 0.3 ದೇಹದುದ್ದ. ಮೀನುಗಳು ಸುಮಾರು 450 ಗ್ರಾಂ ತಲುಪುವವರೆಗೆ ಇದು ನಡೆಯಿತು. ಕಡಿಮೆ ಉಪ್ಪಿನ ನೀರಿನಲ್ಲಿದ್ದವು ಚೆನ್ನಾಗಿ ಬೆಳೆದವು. ಹೆಚ್ಚು ವೇಗದ ನೀರಿನಲ್ಲಿದ್ದವು ನಿಧಾನ ನೀರಿನವುಗಳಿಗಿಂತ ಚೆನ್ನಾಗಿ ಬೆಳೆದವು.

ಹೆಚ್ಚು ಈಜಿದ ಮೀನು ಹೆಚ್ಚು ಶಕ್ತಿ ಖರ್ಚು ಮಾಡಿತು, ಆದರೂ ಹೆಚ್ಚು ಬೆಳೆಯಿತು ಎಂಬ ಈ ಮಾತು ಮೊದಲ ಓದಿಗೆ ಒಪ್ಪಿಗೆಯಾಗುವುದಿಲ್ಲ. ಅದನ್ನು ಬಿಡಿಸಿ ನೋಡಬೇಕು. ಆದರೆ ಅದಕ್ಕೂ ಮೊದಲು ವೇಗದ ಲೆಕ್ಕವೊಂದನ್ನು ಸರಿಮಾಡಿಕೊಳ್ಳೋಣ. ಸಾಕಣೆಯಲ್ಲಿ ಹೆಚ್ಚಿನ ಎಡವಟ್ಟು ಆಗುವುದು ಅಲ್ಲೇ.

ನೀರಿನ ವೇಗವಲ್ಲ, ಮೀನಿನ ವೇಗ

70 ಗ್ರಾಂ ತೂಗುವ, ಸಾಮಾನ್ಯ ಮೈಕಟ್ಟಿನ ಸಾಲ್ಮನ್‌ನ ಉದ್ದ ಸುಮಾರು 18.5 ಸೆಂಟಿಮೀಟರ್. ಅದಕ್ಕೆ ಸೆಕೆಂಡಿಗೆ 1 ದೇಹದುದ್ದ ಎಂದರೆ ನೀರು ಸೆಕೆಂಡಿಗೆ 18.5 ಸೆಂಟಿಮೀಟರ್ ಹರಿಯಬೇಕು. ದಿನವಿಡೀ ಹೀಗೆ ಈಜಿದರೆ, ಇದ್ದ ಜಾಗದಲ್ಲೇ ಇದ್ದುಕೊಂಡು ಆ ಮೀನು ಸುಮಾರು 16 ಕಿಲೋಮೀಟರ್ ಈಜಿದಂತೆ. 0.3 ದೇಹದುದ್ದದ ಗುಂಪಿಗೆ ಅದೇ ಲೆಕ್ಕ 5 ಕಿಲೋಮೀಟರನ್ನೂ ಮುಟ್ಟುವುದಿಲ್ಲ.

ಈಗ ಅದೇ ಮೀನು 450 ಗ್ರಾಂ ಆಗಿದೆ ಎಂದುಕೊಳ್ಳಿ. ಉದ್ದ ಸುಮಾರು 34 ಸೆಂಟಿಮೀಟರ್. ನೀರಿನ ವೇಗವನ್ನು ಯಾರೂ ಬದಲಿಸದೆ 18.5ರಲ್ಲೇ ಬಿಟ್ಟಿದ್ದರೆ, ಮೀನಿನ ಪಾಲಿಗೆ ಅದು ಸುಮಾರು 0.54 ದೇಹದುದ್ದ ಮಾತ್ರ. ವ್ಯಾಯಾಮ ಸದ್ದಿಲ್ಲದೆ ಅರ್ಧಕ್ಕಿಳಿದಿದೆ, ಮಾಪಕದ ಮೇಲಿನ ಸಂಖ್ಯೆ ಮಾತ್ರ ಮೊದಲ ದಿನದ್ದೇ. ಆದ್ದರಿಂದ ಹರಿವನ್ನು ಮೀನಿನ ಬೆಳವಣಿಗೆಯ ಜೊತೆಗೇ ಏರಿಸುತ್ತಾ ಹೋಗಬೇಕು. ಕೊನೆಯಲ್ಲಿ ಅದು ಸೆಕೆಂಡಿಗೆ 34 ಸೆಂಟಿಮೀಟರ್ ಇರಬೇಕು. ತೂಕದ ಮಾದರಿ ತೆಗೆದ ದಿನವೇ ಉದ್ದವನ್ನೂ ಅಳೆದು, ಒಳಹರಿವಿನ ನಳಿಕೆಗಳ ಕೋನವನ್ನೋ ಪಂಪಿನ ವೇಗವನ್ನೋ ತಿದ್ದುವ ಪದ್ಧತಿ ಇಲ್ಲದ ಕಡೆ 'ನಮ್ಮ ಮೀನುಗಳಿಗೆ ವ್ಯಾಯಾಮ ಕೊಡುತ್ತಿದ್ದೇವೆ' ಎಂಬ ಮಾತಿಗೆ ಅರ್ಥವಿಲ್ಲ.

ತೊಟ್ಟಿಯೊಳಗೆ ಎಲ್ಲೆಡೆ ಒಂದೇ ವೇಗವೂ ಇರುವುದಿಲ್ಲ. ದುಂಡು ತೊಟ್ಟಿಯಲ್ಲಿ ಗೋಡೆಯ ಬಳಿ ನೀರು ಜೋರಾಗಿ, ನಡುವೆ ನಿಧಾನವಾಗಿ ಸುತ್ತುತ್ತದೆ. ಸೋತ ಮೀನು ನಡುವಿಗೆ ಸರಿದು ಸುಧಾರಿಸಿಕೊಳ್ಳಬಲ್ಲದು. ಇದು ದೋಷವೆಂದು ನನಗೆ ಅನ್ನಿಸುವುದಿಲ್ಲ. ಆಯ್ಕೆಯ ಅವಕಾಶ ಮೀನಿನ ಕ್ಷೇಮಕ್ಕೆ ಒಳ್ಳೆಯದೇ. ಆದರೆ ಮೀನುಗಳ ಸಾಂದ್ರತೆ ಹೆಚ್ಚಿದಂತೆ ಅವುಗಳ ಮೈಯೇ ಹರಿವನ್ನು ತಡೆಯುತ್ತದೆ. ಖಾಲಿ ತೊಟ್ಟಿಯಲ್ಲಿ ಅಳೆದ ವೇಗವನ್ನು ತುಂಬಿದ ತೊಟ್ಟಿಗೆ ಹೊಂದಿಸಿ ಹೇಳಬಾರದು. ಇನ್ನೊಂದು ಲಾಭವನ್ನು ಇಲ್ಲೇ ಹೇಳಿಬಿಡುತ್ತೇನೆ: ಸೆಕೆಂಡಿಗೆ 15ರಿಂದ 30 ಸೆಂಟಿಮೀಟರ್ ಹರಿವಿದ್ದರೆ ಹಿಕ್ಕೆ ಮತ್ತು ಉಳಿದ ಆಹಾರ ತಳದಲ್ಲಿ ಕೂರದೆ ನಡುವಿನ ತೂಬಿಗೆ ತಾನಾಗಿ ಸಾಗುತ್ತದೆ. ಮೀನಿಗೆ ಹಿತವಾದ ವೇಗವೂ ತೊಟ್ಟಿಯನ್ನು ಚೊಕ್ಕಟವಾಗಿಡುವ ವೇಗವೂ ಹೀಗೆ ಒಂದಕ್ಕೊಂದು ಹೊಂದುತ್ತವೆ.

ಹೆಚ್ಚು ಖರ್ಚು, ಆದರೂ ಹೆಚ್ಚು ಬೆಳವಣಿಗೆ

ಮೀನಿನ ಪಕ್ಕೆಯನ್ನು ಸೀಳಿದರೆ ಚರ್ಮದ ಅಡಿಯಲ್ಲಿ, ಮೈಯ ಉದ್ದಕ್ಕೆ, ಕಡುಗೆಂಪು ಪಟ್ಟಿಯೊಂದು ಕಾಣುತ್ತದೆ. ಅದು ಕೆಂಪು ಸ್ನಾಯು. ಉಳಿದ ಬಹುಪಾಲು ಮಾಂಸ ಬಿಳಿ ಸ್ನಾಯು (ಸಾಲ್ಮನ್‌ನಲ್ಲಿ ಅದು ಕಿತ್ತಳೆಯಾಗಿ ಕಾಣುವುದು ಆಹಾರದಲ್ಲಿನ ವರ್ಣದ್ರವ್ಯದಿಂದ). ನಿಧಾನದ, ದಣಿಯದ ಈಜನ್ನು ಕೆಂಪು ಸ್ನಾಯು ನಡೆಸುತ್ತದೆ. ಅದರಲ್ಲಿ ರಕ್ತನಾಳಗಳು, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳು ದಟ್ಟವಾಗಿವೆ. ಆಮ್ಲಜನಕವನ್ನು ಬಳಸಿ ಮುಖ್ಯವಾಗಿ ಕೊಬ್ಬನ್ನು ಉರಿಸುತ್ತದೆ. ಬಿಳಿ ಸ್ನಾಯು ತಪ್ಪಿಸಿಕೊಳ್ಳುವಾಗಿನ ಚಿಮ್ಮುವ ಓಟಕ್ಕೆ. ಅದು ತನ್ನ ಗ್ಲೈಕೋಜನ್ (ಕೂಡಿಟ್ಟ ಶರ್ಕರ) ಸಂಗ್ರಹವನ್ನು ಆಮ್ಲಜನಕವಿಲ್ಲದೆ ಬೇಗ ಬರಿದುಮಾಡಿ ಲ್ಯಾಕ್ಟೇಟ್ ಉಳಿಸುತ್ತದೆ. ಚೇತರಿಕೆಗೆ ಗಂಟೆಗಳು ಬೇಕು.

ಸೆಕೆಂಡಿಗೆ 1 ದೇಹದುದ್ದ ಎನ್ನುವುದು ಈ ಗಾತ್ರದ ಆರೋಗ್ಯವಂತ ಸಾಲ್ಮನ್‌ಗೆ ಕೆಂಪು ಸ್ನಾಯುವಿನ ಹಿಡಿತದೊಳಗಿನ ವೇಗ. ಅದು ಉಸಿರುಗಟ್ಟದೆ ತಿಂಗಳುಗಟ್ಟಲೆ ಮುಂದುವರಿಯಬಲ್ಲದು. ಆಗ ಇಂಧನದ ಆಯ್ಕೆ ಬದಲಾಗುತ್ತದೆ. ದಿನವೂ ಈಜುವ ಮೀನು ಶಕ್ತಿಗಾಗಿ ಕೊಬ್ಬು ಮತ್ತು ಶರ್ಕರವನ್ನು ಹೆಚ್ಚು ಬಳಸಿ, ಆಹಾರದಲ್ಲಿ ಬಂದ ಪ್ರೋಟೀನನ್ನು ಮಾಂಸ ಕಟ್ಟಲು ಉಳಿಸುತ್ತದೆ. ಸ್ನಾಯುತಂತುಗಳು ದಪ್ಪವಾಗುತ್ತವೆ, ಅವುಗಳ ಸುತ್ತ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ. ಈಜು ತಳ್ಳುವ ಕೆಲಸವನ್ನು ಕೆಂಪು ಸ್ನಾಯು ಮಾಡಿದರೂ ಬಿಳಿ ಸ್ನಾಯುವೂ ಬೆಳೆಯುತ್ತದೆ ಎಂಬುದು ಈ ವಿಷಯದಲ್ಲಿ ನನಗೆ ಅತ್ಯಂತ ಕುತೂಹಲದ ಸಂಗತಿ. ಮಾರುವ ಮಾಂಸವೆಲ್ಲ ಅದೇ ತಾನೆ.

ಖರ್ಚಿನ ಕಡೆಯಲ್ಲೂ ಲೆಕ್ಕ ತೋರುವಷ್ಟು ಸರಳವಲ್ಲ. ನಿಧಾನ ನೀರಿನಲ್ಲಿರುವ ಮೀನು ಸುಮ್ಮನಿರುವುದಿಲ್ಲ. ಸಾಲ್ಮನ್ ಜಾತಿಯ ಎಳೆ ಮೀನುಗಳು ನಿಂತ ನೀರಿನಲ್ಲಿ ಜಾಗಕ್ಕಾಗಿ, ಆಹಾರಕ್ಕಾಗಿ ಕಾದಾಡುತ್ತವೆ. ಬೆನ್ನಿನ ರೆಕ್ಕೆ ಕಚ್ಚುತ್ತವೆ, ಅಟ್ಟಿಸಿಕೊಂಡು ಹೋಗುತ್ತವೆ. ಸೋತವು ಮೂಲೆ ಸೇರಿ ತಿನ್ನುವುದನ್ನೇ ಕಡಿಮೆ ಮಾಡುತ್ತವೆ. ಹರಿವು ಬಂದಾಗ ಎಲ್ಲವೂ ಒಂದೇ ದಿಕ್ಕಿಗೆ ಮುಖಮಾಡಿ, ಅಂತರ ಕಾಯ್ದುಕೊಂಡು ಈಜಲು ತೊಡಗುತ್ತವೆ. ಸಾಲ್ಮನ್‌ನ ಬಂಧುವಾದ ಆರ್ಕ್ಟಿಕ್ ಚಾರ್ ಮೀನಿನಲ್ಲಿ ಇದು ಬಹಳ ಹಿಂದೆಯೇ ಸ್ಪಷ್ಟವಾಗಿ ಕಂಡಿದೆ: ಹರಿವಿನಲ್ಲಿ ಜಗಳ ಇಳಿಯಿತು, ಬೆಳವಣಿಗೆ ಏರಿತು. ಕಾದಾಟದ ಚಿಮ್ಮು ಓಟಗಳಿಗೆ ಮತ್ತು ಭಯಕ್ಕೆ ಹೋಗುತ್ತಿದ್ದ ಶಕ್ತಿ ಉಳಿಯುತ್ತದೆ. ಜೊತೆಗೆ ಹರಿವು ಆಹಾರದ ಕಾಳುಗಳನ್ನು ತೊಟ್ಟಿಯ ಎಲ್ಲೆಡೆ ಹಂಚುವುದರಿಂದ ಬಲಿಷ್ಠ ಮೀನು ಒಂದು ಮೂಲೆಯನ್ನು ಕಾವಲು ಕಾಯಲು ಆಗುವುದಿಲ್ಲ.

ಹಾಗಾದರೆ ಬೆಳವಣಿಗೆ ಹೆಚ್ಚಿದ್ದು ವ್ಯಾಯಾಮದಿಂದಲೋ, ಜಗಳ ತಪ್ಪಿದ್ದರಿಂದಲೋ? ತೊಟ್ಟಿಯೊಂದರಲ್ಲಿ ಇವೆರಡನ್ನು ಬೇರ್ಪಡಿಸುವುದು ಕಷ್ಟ. ಸಾಕುವವರಿಗೆ ಎರಡೂ ಒಂದೇ ಕವಾಟದಿಂದ ಬರುವುದರಿಂದ ಬೇರ್ಪಡಿಸುವ ತುರ್ತೂ ಇಲ್ಲ.

ಉಪ್ಪು, ಕಿವಿರು, ಉಸಿರು

ಈ ಪ್ರಯೋಗ ವೇಗವನ್ನು ಲವಣಾಂಶದ ಜೊತೆಗಿಟ್ಟು ನೋಡಿದ್ದು ಸರಿಯಾದ ನಿರ್ಧಾರ. ಕಿವಿರಿಗೆ ಎರಡು ಕೆಲಸಗಳಿವೆ. ಆಮ್ಲಜನಕ ಒಳಬರಲು ಅದರ ಪೊರೆ ತೆಳ್ಳಗಿರಬೇಕು, ಹರವಾಗಿರಬೇಕು, ಅದರೊಳಗೆ ರಕ್ತ ಜೋರಾಗಿ ಹರಿಯಬೇಕು. ಆದರೆ ಅದೇ ತೆಳು ಪೊರೆಯ ಮೂಲಕ ಉಪ್ಪೂ ನೀರೂ ಸೋರುತ್ತವೆ. ಈಜು ಹೆಚ್ಚಿದಷ್ಟೂ ಉಸಿರಾಟ ಹೆಚ್ಚು, ಉಸಿರಾಟ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು.

ಸಾಲ್ಮನ್‌ನ ರಕ್ತದ ಲವಣಸಾಂದ್ರತೆ ಪೂರ್ಣ ಸಮುದ್ರದ ನೀರಿನ ಸುಮಾರು ಮೂರನೇ ಒಂದು ಭಾಗ. ಸಾವಿರಕ್ಕೆ 12 ಭಾಗದ ನೀರು ಹೆಚ್ಚುಕಡಿಮೆ ಅದಕ್ಕೆ ಸಮ. ಆ ನೀರಿನಲ್ಲಿ ಮೀನು ಉಪ್ಪನ್ನು ಹೊರತಳ್ಳುವ ಅಥವಾ ಒಳಗೆಳೆಯುವ ದುಡಿಮೆಯನ್ನು ಬಹುಮಟ್ಟಿಗೆ ಬಿಟ್ಟುಬಿಡಬಹುದು. 32 ಭಾಗದ ನೀರಿನಲ್ಲಿ ಹಾಗಲ್ಲ: ಮೀನು ನೀರನ್ನು ಕುಡಿಯುತ್ತಲೇ ಇರಬೇಕು, ಕಿವಿರಿನ ವಿಶೇಷ ಕೋಶಗಳು ಉಪ್ಪನ್ನು ಹೊರಹಾಕುತ್ತಲೇ ಇರಬೇಕು, ಅದರ ಮೇಲೆ ಈಜಿನ ಹೊರೆ. ಸಾಲದ್ದಕ್ಕೆ ತಣ್ಣೀರಿನಲ್ಲೂ ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ಐದನೇ ಒಂದು ಭಾಗ ಕಡಿಮೆ ಆಮ್ಲಜನಕ ಹಿಡಿಯುತ್ತದೆ. ಕಡಿಮೆ ಉಪ್ಪು ಮತ್ತು ಹೆಚ್ಚು ವೇಗ ಒಟ್ಟಿಗೆ ಬಂದಾಗ ಬೆಳವಣಿಗೆ ಚೆನ್ನಾಗಿದ್ದುದರಲ್ಲಿ ಆಶ್ಚರ್ಯವಿಲ್ಲ. ಒಂದು ಹೊರೆ ಇಳಿಸಿಕೊಂಡ ದೇಹ ಇನ್ನೊಂದನ್ನು ಹೊರಲು ಸಿದ್ಧವಿರುತ್ತದೆ.

ಈಜು ಹೆಚ್ಚಿಸುವವರು ಆಮ್ಲಜನಕದ ಬೇಡಿಕೆ ಹೆಚ್ಚುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಎಷ್ಟು ಆಮ್ಲಜನಕ ಒಳಹೋಗುತ್ತದೋ ಸುಮಾರು ಅಷ್ಟೇ ತೂಕದ, ಅಥವಾ ಸ್ವಲ್ಪ ಹೆಚ್ಚು, ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ನೀರನ್ನು ಮರುಬಳಸುವ ವ್ಯವಸ್ಥೆಯಲ್ಲಿ ಇದು ಬೇಗ ಕೂಡುತ್ತದೆ; ಸಾಲ್ಮನ್‌ಗೆ ಲೀಟರಿಗೆ 15 ಮಿಲಿಗ್ರಾಂ ಮೀರಬಾರದೆಂಬುದು ನಾರ್ವೆಯಲ್ಲಿ ಪಾಲಿಸುವ ಮಿತಿ. ಅನಿಲ ತೆಗೆಯುವ ಗೋಪುರದ ಸಾಮರ್ಥ್ಯ ನೋಡದೆ ಬರೀ ಪಂಪಿನ ವೇಗ ಏರಿಸಿದರೆ, ಈಜಿನಿಂದ ಬಂದದ್ದನ್ನು ಕೆಟ್ಟ ನೀರು ಕಿತ್ತುಕೊಳ್ಳುತ್ತದೆ. ಪಂಪು ನಿಂತರೆ ಹರಿವೂ ಆಮ್ಲಜನಕವೂ ಒಟ್ಟಿಗೆ ನಿಲ್ಲುತ್ತವೆ. ಹೆಚ್ಚು ಉಸಿರಾಡುತ್ತಿರುವ ಮೀನುಗಳಿಗೆ ಉಳಿದ ನಿಮಿಷಗಳು ಕಡಿಮೆ. ತುರ್ತು ಆಮ್ಲಜನಕದ ಏರ್ಪಾಡು ಪಂಪಿನ ವಿದ್ಯುತ್ತನ್ನು ನೆಚ್ಚಿಕೊಂಡಿರಬಾರದು.

ಹೃದಯ

ಈ ಪ್ರಕರಣದಲ್ಲಿ ಎಲ್ಲರ ಕಣ್ಣು ತೂಕದ ಮೇಲೆ ಬೀಳುತ್ತದೆ. ನನ್ನ ದೃಷ್ಟಿಯಲ್ಲಿ ತೂಕ ಇಲ್ಲಿ ಎರಡನೆಯ ಮಾತು. ಮೊದಲನೆಯದು ಹೃದಯ.

ಕಾಡಿನ ಸಾಲ್ಮನ್‌ನ ಹೃತ್ಕುಕ್ಷಿ (ರಕ್ತವನ್ನು ಹೊರನೂಕುವ ಹೃದಯದ ಕೋಣೆ) ಮುಮ್ಮೂಲೆಯ ಪಿರಮಿಡ್ಡಿನಂತೆ ಚೂಪಾಗಿರುತ್ತದೆ. ಸಾಕಿದ ಸಾಲ್ಮನ್ ಮತ್ತು ರೈನ್‌ಬೋ ಟ್ರೌಟ್‌ಗಳಲ್ಲಿ ಅದು ದುಂಡಗಾಗಿರುವುದನ್ನು, ಅದರಿಂದ ಹೊರಡುವ ದೊಡ್ಡ ನಾಳದ ಬುಡ ಓರೆಯಾಗಿರುವುದನ್ನು, ಸುತ್ತ ಕೊಬ್ಬು ಮೆತ್ತಿಕೊಂಡಿರುವುದನ್ನು ನಾರ್ವೆಯ ಪಶುವೈದ್ಯ ವಿಜ್ಞಾನಿಗಳು 2003ರಲ್ಲೇ ದಾಖಲಿಸಿದ್ದಾರೆ. ಆಕಾರದ ಈ ಬದಲಾವಣೆ ಕೇವಲ ನೋಟದ್ದಲ್ಲ. ದುಂಡು ಹೃದಯ ಪ್ರತಿ ಬಡಿತಕ್ಕೆ ಕಡಿಮೆ ದಕ್ಷತೆಯಿಂದ ರಕ್ತ ನೂಕುತ್ತದೆ. ಪಂಜರದ ಮೀನಿಗೆ ಬರುವ ಹೃದಯದ ವೈರಸ್ ಬೇನೆಗಳು, ಸಾಗಣೆಯಲ್ಲಿ ಮತ್ತು ಹೇನು ಬಿಡಿಸುವಾಗ ಹಠಾತ್ತನೆ ಸಾಯುವ ದೊಡ್ಡ ಮೀನುಗಳು, ಇವೆಲ್ಲ ಬಲಹೀನ ಹೃದಯದ ಮೇಲೆ ಬಂದೆರಗುತ್ತವೆ. ಮಾರಾಟಕ್ಕೆ ಹತ್ತಿರವಾದ ನಾಲ್ಕೈದು ಕಿಲೋ ಮೀನು ಒಂದು ಬೆಳಗಿನ ಒತ್ತಡಕ್ಕೆ ಸಾಯುವುದು ಸಾಕುವವನಿಗೆ ನಷ್ಟ, ಅದಕ್ಕಿಂತ ಹೆಚ್ಚಾಗಿ ಮೀನಿಗೆ ಯಾತನೆ.

ಈಜು ಹೃದಯಕ್ಕೆ ಏನು ಮಾಡುತ್ತದೆ ಎಂಬುದನ್ನು ಅದರ ರಚನೆಯಿಂದಲೇ ತಿಳಿಯಬಹುದು. ಸಾಲ್ಮನ್‌ನ ಹೃತ್ಕುಕ್ಷಿಗೆ ಎರಡು ಪದರಗಳಿವೆ. ಹೊರಗಿನ ಗಟ್ಟಿ ಪದರಕ್ಕೆ ತನ್ನದೇ ಧಮನಿ ಇದ್ದು, ಕಿವಿರಿನಿಂದ ನೇರವಾಗಿ ಬಂದ ಆಮ್ಲಜನಕಭರಿತ ರಕ್ತ ಸಿಗುತ್ತದೆ. ಒಳಗಿನ ಸ್ಪಂಜಿನಂಥ ಪದರಕ್ಕೆ ಆ ಭಾಗ್ಯವಿಲ್ಲ. ಮೈಯೆಲ್ಲ ಸುತ್ತಿ, ಆಮ್ಲಜನಕ ಕಳೆದುಕೊಂಡು ಮರಳುವ ರಕ್ತದಿಂದಲೇ ಅದು ತನ್ನ ಪಾಲನ್ನು ಪಡೆಯಬೇಕು. ರೈನ್‌ಬೋ ಟ್ರೌಟ್ ತನ್ನ ಗರಿಷ್ಠ ವೇಗದ ಹತ್ತಿರ ಈಜುವಾಗ ಹೃದಯ ನೂಕುವ ರಕ್ತ ವಿಶ್ರಾಂತಿಯ ಹೊತ್ತಿನ ಸುಮಾರು ಮೂರು ಪಟ್ಟಾಗುತ್ತದೆ, ಅದೇ ಹೊತ್ತಿಗೆ ಸ್ನಾಯುಗಳು ಆಮ್ಲಜನಕವನ್ನು ಹೀರಿಕೊಂಡು ಮರಳಿ ಕಳಿಸುವ ರಕ್ತ ಬಡವಾಗುತ್ತದೆ. ಅಂದರೆ ಹೃದಯದ ಕೆಲಸ ಅತಿ ಹೆಚ್ಚಿರುವ ಕ್ಷಣದಲ್ಲೇ ಅದರ ಒಳಪದರಕ್ಕೆ ಆಮ್ಲಜನಕ ಅತಿ ಕಡಿಮೆ. ಹೇನು ಬಿಡಿಸುವ ಹಡಗಿನ ಪಂಪಿನೊಳಗೆ ಹೆದರಿ ಒದ್ದಾಡುವ ಮೀನಿನ ಹೃದಯದಲ್ಲಿ ನಡೆಯುವುದೂ ಇದೇ.

ತಿಂಗಳುಗಟ್ಟಲೆ ಹದವಾಗಿ ಈಜಿದ ಮೀನಿನಲ್ಲಿ ಹೃದಯಸ್ನಾಯುವಿನ ಆಮ್ಲಜನಕ ಬಳಸುವ ಕಿಣ್ವಗಳು, ಹೊಸ ರಕ್ತನಾಳ ಮತ್ತು ಸ್ನಾಯುಬೆಳವಣಿಗೆಗೆ ಸಂಬಂಧಿಸಿದ ವಂಶವಾಹಿಗಳ ಚಟುವಟಿಕೆ ಹೆಚ್ಚುತ್ತವೆ. ದೇಹತೂಕಕ್ಕೆ ಹೋಲಿಸಿದರೆ ಹೃದಯ ತುಸು ದೊಡ್ಡದಾಗುತ್ತದೆ. ಸ್ನಾಯುಗಳಲ್ಲಿ ಆಮ್ಲಜನಕದ ಹಂಚಿಕೆ ಸುಧಾರಿಸುವುದರಿಂದ ಅದೇ ವೇಗಕ್ಕೆ ಹೃದಯದ ಮೇಲಿನ ಹೊರೆ ಇಳಿಯುತ್ತದೆ. ನಾರ್ವೆಯಲ್ಲೇ ನಡೆದು 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಹದವಾದ ಈಜಿನ ತರಬೇತಿ ಪಡೆದ ಸಾಲ್ಮನ್ ಮರಿಗಳನ್ನು ಮೇದೋಜೀರಕ ಗ್ರಂಥಿಯನ್ನು ಕೊಳೆಸುವ ಐಪಿಎನ್ ವೈರಸ್‌ಗೆ ಒಡ್ಡಿದಾಗ, ತರಬೇತಿಯಿಲ್ಲದವುಗಳಿಗಿಂತ ಹೆಚ್ಚು ಮೀನುಗಳು ಬದುಕುಳಿದವು. ವ್ಯಾಯಾಮ ರೋಗನಿರೋಧಕ ವ್ಯವಸ್ಥೆಯನ್ನೂ ಮುಟ್ಟುತ್ತದೆ ಎಂದು ತೋರಿಸಿದ್ದರಿಂದ ಆ ಫಲಿತಾಂಶಕ್ಕೆ ಬೆಲೆ ಇದೆ.

ಎಷ್ಟು ಜೋರಾದರೆ ಅತಿ?

ಮೀನಿನ ಈಜುಬಲವನ್ನು ಅಳೆಯುವ ಮಾನಕವಾದ 'ನಿರ್ಣಾಯಕ ವೇಗ'ವನ್ನು ಕೆನಡಾದ ಜೆ. ಆರ್. ಬ್ರೆಟ್ 1964ರಲ್ಲಿ, ಸಾಕೈ ಸಾಲ್ಮನ್‌ಗಳ ಮೇಲೆ ಕೆಲಸ ಮಾಡುತ್ತಾ ರೂಪಿಸಿದರು. ನೀರಿನ ಸುರಂಗದಲ್ಲಿ ಮೀನನ್ನಿಟ್ಟು, ನಿಗದಿತ ಅವಧಿಗೊಮ್ಮೆ ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಅದು ಸೋತು ಹಿಂದಿನ ಜಾಲರಿಗೆ ಒರಗುವ ವೇಗವನ್ನು ಲೆಕ್ಕಹಾಕುತ್ತಾರೆ. ಇದು ಗರಿಷ್ಠ ಮಿತಿಯ ಅಂದಾಜು. ತಿಂಗಳುಗಟ್ಟಲೆ ಸಾಕುವ ವೇಗ ಅದಕ್ಕಿಂತ ಬಹಳ ಕೆಳಗಿರಬೇಕು, ಬಾಲದ ಬೀಸು ಒಂದೇ ಲಯದಲ್ಲಿರುವ ಮಟ್ಟದಲ್ಲಿ. ಮೀನು ಚಿಮ್ಮಿ, ತೇಲಿ, ಮತ್ತೆ ಚಿಮ್ಮುತ್ತಾ ಈಜಲು ಶುರುಮಾಡಿದರೆ ಬಿಳಿ ಸ್ನಾಯು ಕೆಲಸಕ್ಕಿಳಿದಿದೆ ಎಂದೇ ಅರ್ಥ. ದಡದಲ್ಲಿ ನಿಂತು ಗಮನಿಸುವ ಕೆಲಸಗಾರನಿಗೆ ಇದಕ್ಕಿಂತ ಒಳ್ಳೆಯ ಸೂಚನೆ ಬೇಕಿಲ್ಲ.

ಹೆಚ್ಚು ಎಂದರೆ ಹೆಚ್ಚು ಒಳ್ಳೆಯದು ಎಂಬ ನಂಬಿಕೆಗೆ 2015ರಲ್ಲಿ ನಾರ್ವೆಯ ಸಮುದ್ರ ಸಂಶೋಧನಾ ಸಂಸ್ಥೆಯಿಂದಲೇ ತಡೆ ಬಂತು. ಸುಮಾರು 100 ಗ್ರಾಂನ ಸಾಲ್ಮನ್‌ಗಳನ್ನು ಸೆಕೆಂಡಿಗೆ 0.2, 0.8 ಮತ್ತು 1.5 ದೇಹದುದ್ದಗಳ ಹರಿವಿನಲ್ಲಿ ಸಾಕಿದಾಗ, ಅತಿ ವೇಗದ ಗುಂಪಿನ ಬೆಳವಣಿಗೆ ಹಿಂದೆ ಬಿತ್ತು. ಈಜಿನ ವೇಗ ಏರಿದಂತೆ ಆಮ್ಲಜನಕದ ಬಳಕೆ ಸಮಪ್ರಮಾಣದಲ್ಲಿ ಏರುವುದಿಲ್ಲ, ಕಡಿದಾಗಿ ಏರುತ್ತದೆ. ಒಂದು ಹಂತ ದಾಟಿದರೆ ತಿಂದದ್ದು ಬಾಲ ಬೀಸುವುದರಲ್ಲೇ ಮುಗಿಯುತ್ತದೆ. ನೋಫಿಮಾದ ಪ್ರಯೋಗವನ್ನೂ ಇದನ್ನೂ ಜೊತೆಗಿಟ್ಟು ಓದಿದರೆ, ಈ ಗಾತ್ರದ ಸಾಲ್ಮನ್‌ಗೆ 0.8ರಿಂದ 1 ದೇಹದುದ್ದದ ಸುತ್ತಮುತ್ತ ಹಿಡಿದುಕೊಳ್ಳುವುದು ನನಗೆ ಸರಿಯೆನಿಸುತ್ತದೆ. ಲಸಿಕೆ ಹಾಕಿದ ದಿನಗಳಲ್ಲಿ, ಕಿವಿರಿನ ಬೇನೆ ಇದ್ದಾಗ, ನೀರು ಬಿಸಿಯಾಗಿ ಆಮ್ಲಜನಕ ಇಳಿದಾಗ ವೇಗ ತಗ್ಗಿಸಬೇಕು, ಆಮೇಲೆ ನಿಧಾನಕ್ಕೆ ಏರಿಸಬೇಕು.

ಈ ಸಂಖ್ಯೆಗಳನ್ನು ಬೇರೆ ಮೀನಿಗೆ ಎತ್ತಿ ಹಾಕಬಾರದು. ಕಡಲಲ್ಲಿ ಎಡೆಬಿಡದೆ ಅಲೆಯುವ ಯೆಲ್ಲೋಟೇಲ್ ಕಿಂಗ್‌ಫಿಶ್‌ನ ಮರಿಗಳು ಸೆಕೆಂಡಿಗೆ 2 ದೇಹದುದ್ದಕ್ಕೂ ಮೀರಿದ ವೇಗದಲ್ಲಿ ಚೆನ್ನಾಗಿ ಬೆಳೆಯುತ್ತವೆ. ಮೆಡಿಟರೇನಿಯನ್‌ನ ಗಿಲ್ಟ್‌ಹೆಡ್ ಸೀಬ್ರೀಮ್‌ಗೂ ಈಜಿನಿಂದ ಲಾಭವಿದೆ. ತಳಕ್ಕೆ ಅಂಟಿ ಬದುಕುವ ಚಪ್ಪಟೆ ಮೀನುಗಳಿಂದ ಅದನ್ನು ಬಯಸುವುದೇ ತಪ್ಪು.

ತೊಟ್ಟಿಯಿಂದ ಸಮುದ್ರಕ್ಕೆ

ಸಾಲ್ಮನ್ ಸಾಕಣೆ ಈಗ ಕೊಲ್ಲಿಗಳ ಆಶ್ರಯ ಬಿಟ್ಟು ತೆರೆದ ಕಡಲಿನ ಕಡೆಗೆ ಸರಿಯುತ್ತಿದೆ. ಅಲ್ಲಿನ ಪ್ರವಾಹ ಪಂಪಿನ ಹಾಗೆ ತಿದ್ದಿದಂತೆ ಕೇಳುವುದಿಲ್ಲ. ಉಬ್ಬರವಿಳಿತಕ್ಕೆ, ಬಿರುಗಾಳಿಗೆ ತಕ್ಕಂತೆ ಗಂಟೆಗಟ್ಟಲೆ ಜೋರಾಗಿರುತ್ತದೆ. ಪಂಜರದ ಮೀನಿಗೆ ತೊಟ್ಟಿಯ ನಡುಭಾಗದಂಥ ತಪ್ಪಿಸಿಕೊಳ್ಳುವ ಜಾಗವೂ ಇಲ್ಲ. ಇಡೀ ಗುಂಪಿನ ಸರಾಸರಿ ಈಜುಬಲವನ್ನು ನೋಡಿ ಪಂಜರದ ಜಾಗ ಆರಿಸುವುದು ನನಗೆ ಒಪ್ಪಿಗೆಯಿಲ್ಲ. ಬಲೆಗೆ ಒತ್ತಿಕೊಂಡು ಚರ್ಮ ಸುಲಿದುಕೊಳ್ಳುವುದು ಸರಾಸರಿ ಮೀನಲ್ಲ, ಗುಂಪಿನ ಅತಿ ದುರ್ಬಲ ಮೀನು. ಚಿಕ್ಕದು, ಕಿವಿರು ಕೆಟ್ಟದ್ದು, ಹೃದಯ ದುಂಡಗಾದದ್ದು. ಮಿತಿಯನ್ನು ಅದರ ಲೆಕ್ಕದಲ್ಲಿ ಇಡಬೇಕು, ಆ ಮೀನಿನ ಸಿದ್ಧತೆ ತೊಟ್ಟಿಯಲ್ಲಿಯೇ ಆಗಬೇಕು.

ಇದಕ್ಕೆ ದಾಖಲೆಯ ಅಗತ್ಯವಿದೆ. ತೊಟ್ಟಿಯ ದಿನಚರಿಯಲ್ಲಿ ಉಷ್ಣತೆ, ಆಮ್ಲಜನಕ, ಆಹಾರದ ಪ್ರಮಾಣಗಳ ಸಾಲಿನಲ್ಲಿ 'ದೇಹದುದ್ದ ಪ್ರತಿ ಸೆಕೆಂಡಿಗೆ' ಎಂಬ ಅಂಕಣವೂ ಬರಲಿ. ಸಮುದ್ರಕ್ಕೆ ಕಳಿಸುವ ಮುನ್ನ ಪ್ರತಿ ಗುಂಪಿನಿಂದ ಕೆಲವು ಮೀನುಗಳ ಹೃದಯ ತೆರೆದು ಹೃತ್ಕುಕ್ಷಿಯ ಎತ್ತರ-ಅಗಲದ ಅನುಪಾತ, ನಾಳದ ಬುಡದ ಕೋನ, ಸುತ್ತಲಿನ ಕೊಬ್ಬು ಇವನ್ನು ಬರೆದಿಡಲಿ. ಆಮೇಲೆ ಅದೇ ಗುಂಪಿನಲ್ಲಿ ಹೇನು ಚಿಕಿತ್ಸೆಯ ದಿನ ಎಷ್ಟು ಮೀನು ಸತ್ತವು, ಕೊಯ್ಲಿನ ಹೊತ್ತಿಗೆ ಹೃದಯ ಹೇಗಿತ್ತು ಎಂಬುದನ್ನು ಅದರ ಪಕ್ಕದಲ್ಲೇ ಸೇರಿಸಲಿ. ನೋಫಿಮಾದ ಪ್ರಯೋಗ 450 ಗ್ರಾಂವರೆಗಿನ ಮೀನಿನ ಬೆಳವಣಿಗೆಯನ್ನು ತೋರಿಸಿತು. ನಾಲ್ಕು ಕಿಲೋ ಮೀನಿನ ಹೃದಯವನ್ನು ತೋರಿಸಬಲ್ಲವರು ದಿನವೂ ಮೀನು ಕೊಯ್ಯುವ ಸಾಕಣೆದಾರರೇ.